ಹೋಗುವ ಚಾರ್ಜು ಮಾತ್ರ

ಬರ್ಲಿನ್ನಿಗೆ ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ಅಲ್ಲಿ ಮೆಷಿನ್ನಿನಿಂದ ಕಾಗದದ ಟಿಕೆಟ್ ತೆಗೆದುಕೊಂಡರೆ ಸಾಲದು, ಪ್ಲಾಟ್‌ಫಾರಂ ಮೇಲಿರುವ ಪುಟ್ಟ ಡಬ್ಬಿಗೆ ತೂರಿಸಿ ಮುದ್ರೆ ಒತ್ತಿಸಬೇಕು. ನಾನು ಓದುತ್ತಿರುವುದು ನೆದರ್‌ಲ್ಯಾಂಡ್ಸಿನಲ್ಲಿ. ಅಲ್ಲಿ ಕಾರ್ಡು ಮುಟ್ಟಿಸಿ ಒಳಗೆ ಹೋಗಿಬಿಡುತ್ತೇವೆ. ದುಡ್ಡು ಕೊಟ್ಟು ಕೊಂಡ ಟಿಕೆಟ್ಟನ್ನು ಕೈಯಲ್ಲೇ ಹಿಡಿದು ಕೂತವನಿಗೆ 60 ಯೂರೋ ದಂಡ ಬಿತ್ತು. ನನಗೆ ಅದು ಎರಡು ವಾರದ ದಿನಸಿ. ಗ್ರೂನೆವಾಲ್ಡ್ ಸ್ಟೇಷನ್ನಿನಲ್ಲಿ ಇಳಿಯುವಾಗಲೂ ಬಾಯೊಳಗೇ ಬೈಯುತ್ತಿದ್ದೆ.

ಅದೇ ಸಿಟ್ಟಿನಲ್ಲಿ ಹದಿನೇಳನೇ ಪ್ಲಾಟ್‌ಫಾರಂ ಹತ್ತಿದೆ.

ನಾಜಿಗಳು ಬರ್ಲಿನ್ನಿನ ಯಹೂದಿಗಳನ್ನು ರೈಲಿಗೆ ತುಂಬಿ ಸಾವಿನತ್ತ ಸಾಗಿಸಿದ ಜಾಗ ಅದು. ಅಲ್ಲಿ ಈಗ ರೈಲು ಬರುವುದಿಲ್ಲ. ಹಳಿಗಳ ನಡುವೆ ಮರಗಳು ಬೆಳೆದಿವೆ, ನವೆಂಬರಿನ ಹಳದಿ ಎಲೆ ಉದುರಿಸಿಕೊಂಡು ನಿಂತಿದ್ದವು. ಪ್ಲಾಟ್‌ಫಾರಮಿನ ಎರಡೂ ಅಂಚಿಗೆ 186 ಉಕ್ಕಿನ ಹಲಗೆಗಳನ್ನು ಹಾಸಿದ್ದಾರೆ. ಒಂದೊಂದರ ಅಂಚಿನಲ್ಲೂ ತಾರೀಕು, ಎಷ್ಟು ಜನ, ಎಲ್ಲಿಗೆ. ಅಷ್ಟೇ. 18.10.1941, 1251 ಯಹೂದಿಗಳು, ಬರ್ಲಿನ್ನಿನಿಂದ ಪೋಲೆಂಡಿನ ಲೋಜ್. ಬಗ್ಗಿ ಓದುತ್ತಾ ನಡೆಯಬೇಕು. ಮೊದಮೊದಲು ಸಾವಿರದ ಲೆಕ್ಕ, ಬರುಬರುತ್ತಾ ನೂರು, ಐವತ್ತು, ಮೂವತ್ತು. ಕೊನೆಯದು 27.3.1945, ಹದಿನೆಂಟು ಜನ, ಟೆರೇಸಿಯೆನ್‌ಸ್ಟಾಟ್ ಎಂಬ ಸೆರೆಶಿಬಿರ. ಇನ್ನು ಆರು ವಾರಕ್ಕೆ ಯುದ್ಧವೇ ಮುಗಿಯಿತು. ಊರು ಸುಟ್ಟು ಬೂದಿಯಾಗುತ್ತಿರುವಾಗಲೂ ಯಾರೋ ಕೂತು ಹದಿನೆಂಟು ಜನರ ಪಟ್ಟಿ ಮಾಡಿ, ರೈಲಿನ ಹೊತ್ತು ಗೊತ್ತುಮಾಡಿದ್ದಾರೆ.

ರಾತ್ರಿ ಹಾಸ್ಟೆಲಿನಲ್ಲಿ ಓದುತ್ತಾ ಇನ್ನೊಂದು ಸಂಗತಿ ಸಿಕ್ಕಿತು. ಆ ರೈಲುಗಳಿಗೂ ಟಿಕೆಟ್ ಲೆಕ್ಕವಿತ್ತು. ಮೂರನೇ ದರ್ಜೆಯ ದರ, ತಲೆಗೆ ಕಿಲೋಮೀಟರಿಗೆ ನಾಲ್ಕು ಫೆನಿಗ್, ಅಂದರೆ ಅವರ ಪೈಸೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಚಾರ್ಜು, ನಾಲ್ಕರೊಳಗಿನವರಿಗೆ ಬಿಟ್ಟಿ. ಕಾವಲಿನವರಿಗೆ ಹೋಗಿಬರುವ ಟಿಕೆಟ್. ಉಳಿದವರಿಗೆ ಹೋಗುವುದು ಮಾತ್ರ. ದಂಡದ ಚೀಟಿ ಜೇಬಿನಲ್ಲೇ ಇತ್ತು. ತೆಗೆದು ನೋಡುವ ಮನಸ್ಸಾಗಲಿಲ್ಲ.

ನಡುವಿನ ಒಂದೂವರೆ ದಿನದ ಬಗ್ಗೆ ಹೇಳುವಂಥದ್ದೇನಿಲ್ಲ. ಬರ್ಲಿನ್ ಗೋಡೆ ನೋಡಿದೆ. ಆ ಗೋಡೆಯ ಹಳೆಯ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿ ನೋಡಿದೆ, ಅದು ಜಾತ್ರೆ, ಸುತ್ತ ಮಿಲಿಟರಿ ಟೋಪಿ ಮಾರುವವರು. ಬ್ರಾಂಡೆನ್‌ಬುರ್ಗ್ ಬಾಗಿಲಿನ ಪಕ್ಕ ಕೊಲೆಯಾದ ಯಹೂದಿಗಳ ದೊಡ್ಡ ಸ್ಮಾರಕ, 2005ರಲ್ಲಿ ತೆರೆದದ್ದು, 2711 ಕಾಂಕ್ರೀಟ್ ದಿಮ್ಮಿಗಳು. ಒಳಗೆ ಹೋದಂತೆ ನೆಲ ಇಳಿದು ದಿಮ್ಮಿಗಳು ತಲೆಗಿಂತ ಮೇಲೇಳುತ್ತವೆ, ಬೀದಿಯ ಸದ್ದು ಕುಗ್ಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೂಲೆಮೂಲೆಯಲ್ಲೂ ಫೋಟೋ ತೆಗೆಸಿಕೊಳ್ಳುವವರು, ನಾನೂ ಒಂದು ತೆಗೆದುಕೊಂಡೆ, ನಾಚಿಕೆಯಾಗಿ ಅಳಿಸಿದೆ.

ಮೂರನೇ ದಿನ ಶೋನೆಬರ್ಗಿನ ಬವೇರಿಯನ್ ಕ್ವಾರ್ಟರಿಗೆ ಹೋದೆ. ಐನ್‌ಸ್ಟೈನ್ ಇದ್ದದ್ದು ಆ ಬಡಾವಣೆಯಲ್ಲೇ. ಅಲ್ಲಿ ದೀಪದ ಕಂಬಗಳಿಗೆ 80 ಫಲಕ ನೇತುಹಾಕಿದ್ದಾರೆ, 1993ರಿಂದ ಇವೆ. ಒಂದು ಕಡೆ ಅಂಗನವಾಡಿ ಗೋಡೆಯ ಮೇಲಿರುವಂಥ ಮುದ್ದಾದ ಚಿತ್ರ, ಇನ್ನೊಂದು ಕಡೆ ಆ ಕಾಲದ ಕಾನೂನು. ಬ್ರೆಡ್ಡಿನ ಚಿತ್ರದ ಹಿಂದೆ: ಬರ್ಲಿನ್ನಿನ ಯಹೂದಿಗಳು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಆಹಾರ ಕೊಳ್ಳಬಹುದು, 1940. ಬೆಕ್ಕಿನ ಹಿಂದೆ: ಯಹೂದಿಗಳು ಇನ್ನು ಮನೆಯಲ್ಲಿ ಪ್ರಾಣಿ ಸಾಕುವಂತಿಲ್ಲ, 1942. ಬೆಕ್ಕಿನ ಕಂಬದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಕೊಲ್ಲಲು ಹೊರಟವರಿಗೆ ಬೆಕ್ಕಿನ ಮೇಲೂ ಕಣ್ಣು ಬೇಕಿತ್ತೇ?

ಹಾಗೆ ಮುಂದೆ ಬಂದಾಗ ಒಂದು ಮನೆಯ ಮುಂದೆ ಎಪ್ಪತ್ತು ದಾಟಿದ ಹೆಂಗಸು ಪುಟ್ಟ ದಿಂಬು ಹಾಕಿಕೊಂಡು ಮಂಡಿಯೂರಿ ಫುಟ್‌ಪಾತ್ ಉಜ್ಜುತ್ತಿದ್ದರು. ಬಿದ್ದರೇನೋ ಎಂದು ಓಡಿದೆ. ಅವರು ತಿಕ್ಕುತ್ತಿದ್ದದ್ದು ಎಡವುಗಲ್ಲು; ಜರ್ಮನ್ ಹೆಸರಿಗೂ ಅದೇ ಅರ್ಥ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರುಮಾಡಿದ್ದು, ಯುರೋಪಿನಾದ್ಯಂತ ಈಗ ಲಕ್ಷ ದಾಟಿವೆ. ಅಂಗೈ ಅಗಲದ ಹಿತ್ತಾಳೆ ತಗಡು ಹೊದಿಸಿದ ಕಲ್ಲು, ಸತ್ತವರು ಕೊನೆಗೆ ತಾವಾಗಿ ಬಾಳಿದ ಮನೆಯ ಹೊಸ್ತಿಲೆದುರು ನೆಲದಲ್ಲಿ ಹುಗಿದದ್ದು. ‘ಇಲ್ಲಿ ವಾಸವಿದ್ದರು’ ಎಂದು ಶುರು, ಆಮೇಲೆ ಹೆಸರು, ಹುಟ್ಟಿದ ವರ್ಷ, ಒಯ್ದ ತಾರೀಕು, ಕೊಂದ ಜಾಗ. ಆ ಬಾಗಿಲೆದುರು ಮೂರಿದ್ದವು, ಒಂದು ಮಗುವಿನದು.

"ನಿಮ್ಮ ಬಳಗದವರಾ?" ಅಂದೆ.

"ಅಲ್ಲ. ಮೂರನೇ ಮಹಡಿಯವರು." ಬೆರಳು ಮೇಲಕ್ಕೆ ತೋರಿಸಿದರು. "ಆ ಮನೆಯಲ್ಲಿ ಈಗ ನಾನಿದ್ದೇನೆ. ಮನೆ ಹಿಡಿದಾಗ ನನಗೆ ಯಾರೂ ಹೇಳಲಿಲ್ಲ. ಕಲ್ಲು ಹಾಕಲು ಬಂದಾಗ ಗೊತ್ತಾಯಿತು."

"ಆಮೇಲೆ ಮನೆ ಬಿಡಬೇಕು ಅನ್ನಿಸಲಿಲ್ಲವೇ?"

"ಬಿಟ್ಟರೆ ಉಜ್ಜುವವರು ಯಾರು?" ಎಂದು ನಕ್ಕರು. ಸ್ವಲ್ಪ ತಡೆದು, "ಅಡುಗೆಮನೆ ಕಿಟಕಿ ಹಳೆಯದೇ. ಆ ಮಗು ಅಲ್ಲಿ ನಿಂತು ಇಣುಕುತ್ತಿತ್ತೋ ಏನೋ, ಕಿಟಕಿ ತೆಗೆಯುವಾಗೆಲ್ಲ ನೆನಪಾಗುತ್ತದೆ," ಎಂದರು.

ನಾನೂ ಕೂತೆ. ಅವರ ಕೈಲಿದ್ದದ್ದು ಟ್ಯೂಬಿನ ಪಾಲಿಶ್, ಮೂಗಿಗೆ ಹೊಡೆಯುವ ವಾಸನೆ. ಮಗುವಿನ ಕಲ್ಲು ನನಗೆ ಬಿಟ್ಟುಕೊಟ್ಟರು. ಕಪ್ಪು ಮೊದಲು ಬಟ್ಟೆಗೆ ಬಂತು, ಆಮೇಲೆ ಬೆರಳಿಗೆ, ಕಡೆಗೆ ಒಂದೊಂದೇ ಅಕ್ಷರ ಎದ್ದಿತು. ನಮ್ಮೂರ ಕೆರೆ ಏರಿಯ ವೀರಗಲ್ಲಿಗೆ ಅಜ್ಜಿ ಎಣ್ಣೆ ಹಚ್ಚುವುದು ನೆನಪಾಯಿತು. ಅದರಲ್ಲಿ ಹೆಸರು ಅಳಿಸಿಹೋಗಿ ಯಾವ ಕಾಲವೋ.

ನಮ್ಮ ಕಡೆ ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಫಳಫಳ ಆಗುತ್ತದೆ ಎಂದೆ. ಹುಣಸೆ ಎಂದರೇನು ಎಂದು ವಿವರಿಸುವುದರಲ್ಲೇ ಹತ್ತು ನಿಮಿಷ ಹೋಯಿತು. ಫೋನಿನಲ್ಲಿ ಚಿತ್ರ ತೋರಿಸಿದೆ, ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ ಎಂದೂ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿದರು, ಕಲ್ಲು ನೋಡಿದರು.

"ಅಕ್ಷರ ಸವೆಯುವುದಿಲ್ಲ ತಾನೆ?" ಎಂದು ಕೇಳಿದರು.