ದುಬೈಗೆ ಹೋಗಿ ಉಪ್ಪುನೀರಿನ ಲೆಕ್ಕ ಕಲಿತು ಬಂದೆ

ಡಿಸೆಂಬರಿನಲ್ಲಿ ಆರು ದಿನ ದುಬೈಯಲ್ಲಿದ್ದೆ. ಅಕ್ಕ, ಭಾವ ಅಲ್ಲೇ ಇದ್ದಾರೆ. ಬುರ್ಜ್ ಖಲೀಫಾ, ಮಾಲ್, ಮರಳಲ್ಲಿ ಜೀಪ್ ಕುಣಿಸುವುದು ಎಲ್ಲಾ ಆಯ್ತು. ಫೋಟೋದಲ್ಲಿ ನೋಡಿದ್ದೇ ಅಲ್ಲೂ ಇತ್ತು, ಬಿಡಿ.

ನಾಲ್ಕನೇ ದಿನ ಒಬ್ಬನೇ ಮೊಹಮ್ಮದ್ ಬಿನ್ ರಶೀದ್ ಸೋಲಾರ್ ಪಾರ್ಕಿಗೆ ಹೊರಟೆ. ಮ್ಯಾಪಲ್ಲಿ ಸುಮ್ನೆ 'ಸೋಲಾರ್ ಪಾರ್ಕ್' ಅಂತ ಹಾಕಿದ್ದೇ ತಪ್ಪು. ಟ್ಯಾಕ್ಸಿಯವನು ಕೆಲಸಗಾರರ ಗೇಟ್ ಮುಂದೆ ಇಳಿಸಿ ಹೊರಟೇಹೋದ. ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ಮರಳು ತಿನ್ನುತ್ತಾ ನಿಂತೆ. ಹೋಗುವವರು 'ಇನ್ನೋವೇಷನ್ ಸೆಂಟರ್' ಅಂತಲೇ ಹಾಕಿ, ಟ್ಯಾಕ್ಸಿ ಬಿಡಬೇಡಿ.

ಆದರೆ ಆ ಮುಕ್ಕಾಲು ಗಂಟೆಯಲ್ಲೇ ಗೋಪುರ ಕಂಡಿದ್ದು. 262 ಮೀಟರ್ ಎತ್ತರ. ಸುತ್ತ 70 ಸಾವಿರ ಕನ್ನಡಿಗಳು ಅದರ ತಲೆಗೇ ಬಿಸಿಲು ಹಾಯಿಸುತ್ತವೆ. ತುದಿ ಎಷ್ಟು ಬೆಳ್ಳಗಿತ್ತು ಅಂದರೆ ಎರಡು ಸೆಕೆಂಡಿಗಿಂತ ಜಾಸ್ತಿ ನೋಡಲಾಗಲಿಲ್ಲ. ಗಾಳಿಯಲ್ಲಿದ್ದ ಧೂಳೂ ಹೊಳೆಯುತ್ತಿತ್ತು, ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುತ್ತದಲ್ಲ, ಹಾಗೆ. ಆ ಶಾಖವನ್ನು ಕರಗಿದ ಉಪ್ಪಿನಲ್ಲಿ ಕೂಡಿಟ್ಟು ರಾತ್ರಿ ಕರೆಂಟ್ ಮಾಡುತ್ತಾರೆ. ಸಮುದ್ರದ ಹತ್ತಿರ ನೀರಿಂದ ಉಪ್ಪು ತೆಗೆಯಲು ಒದ್ದಾಟ, ಇಲ್ಲಿ ಉಪ್ಪಲ್ಲೇ ಬಿಸಿಲು ಬಚ್ಚಿಡುವ ಆಟ!

ಆ ಸಂಜೆ ಕರಾಮಾದ ಉಡುಪಿ ಹೋಟೆಲಿನಲ್ಲಿ ಭಾವನ ಸ್ನೇಹಿತರೊಬ್ಬರು ಸಿಕ್ಕರು. ಕುಂದಾಪುರ ಕಡೆಯವರು, ಉಪ್ಪುನೀರು ಸಿಹಿ ಮಾಡುವ ಪ್ಲಾಂಟಲ್ಲಿ ಆಪರೇಟರ್. ಇಷ್ಟು ಬಿಸಿಲಿದೆ, ಪೂರ್ತಿ ಸೋಲಾರಲ್ಲೇ ನಡೆಸಬಹುದಲ್ವಾ ಅಂದೆ. ನಕ್ಕರು.

"ಬಿಸಿಲು ಪುಕ್ಕಟೆ ಮಾರಾಯ್ರೆ, ಕಬ್ಬಿಣ ಪುಕ್ಕಟೆ ಅಲ್ಲ."

ಆಮೇಲೆ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ಸಾವಿರ ಲೀಟರ್ ಸಮುದ್ರದ ನೀರು ಸಿಹಿಯಾಗಲು ಆರ್‌ಓದಲ್ಲಿ, ಅಂದರೆ ಒತ್ತಡ ಹಾಕಿ ಮೆಂಬ್ರೇನ್ ಎಂಬ ತೆಳು ಪೊರೆಯಲ್ಲಿ ನೀರು ಸೋಸುವ ವಿಧಾನದಲ್ಲಿ, 3ರಿಂದ 4 ಯೂನಿಟ್ ಕರೆಂಟ್ ಬೇಕು. ಮೂರೂವರೆ ಅಂತಿಟ್ಟುಕೊಳ್ಳಿ. ಅದೇ ಪಾರ್ಕಿನ ಐದನೇ ಹಂತದ ಸಾದಾ ಪ್ಯಾನೆಲ್ ಕರೆಂಟು ಯೂನಿಟ್ಟಿಗೆ ಅಮೆರಿಕದ 1.7 ಸೆಂಟ್. ಅಂದರೆ 6 ಸೆಂಟಿನಲ್ಲಿ ಮುಗಿಯಿತು. ನಾನು ಬಾಯಿ ಬಿಟ್ಟು ನೋಡಿದ ಗೋಪುರದ ಯೋಜನೆಯ ಕರೆಂಟು 7.3 ಸೆಂಟ್. ಅದರಲ್ಲಿ ಮಾಡಿದರೆ ಅಷ್ಟೇ ನೀರಿಗೆ ಸುಮಾರು 26 ಸೆಂಟ್. ದುಬೈ ಹಸ್ಯಾನ್‌ನಲ್ಲಿ ಕಟ್ಟಿಸುತ್ತಿರುವ ಪ್ಲಾಂಟಿಗೆ 2023ರಲ್ಲಿ ಒಪ್ಪಂದವಾದ ದರವೇ ಸಾವಿರ ಲೀಟರಿಗೆ 36.5 ಸೆಂಟ್, ನಮ್ಮ 30 ರೂಪಾಯಿ ಆಸುಪಾಸು. ಕಟ್ಟಿದ ಖರ್ಚು, ಬಡ್ಡಿ, ಮೆಂಬ್ರೇನ್, ಸಂಬಳ ಎಲ್ಲಾ ಅದರೊಳಗೇ ಬರಬೇಕು.

"ಹಾಗಾದರೆ ಅಗ್ಗದ ಪ್ಯಾನೆಲ್ ಕರೆಂಟಲ್ಲಿ ಹಗಲು ಮಾತ್ರ ನಡೆಸಿ, ನೀರು ತುಂಬಿಟ್ಟುಕೊಳ್ಳಿ" ಅಂದೆ, ಬುದ್ಧಿವಂತನ ಹಾಗೆ. ನೀರು ತುಂಬಿಡುವುದು ಇವರಿಗೇನು ಹೊಸದಲ್ಲ, ಅಬುಧಾಬಿಯ ಲಿವಾದಲ್ಲಿ ಮರುಭೂಮಿಯ ಅಡಿಯಲ್ಲೇ 2.6 ಕೋಟಿ ಘನ ಮೀಟರ್ ನೀರು ಇಟ್ಟಿದ್ದಾರೆ.

"ಸಾಲ ಮಾಡಿ ಬಸ್ ತಗೊಂಡು ದಿನಕ್ಕೆ ಒಂದೇ ಟ್ರಿಪ್ ಹೊಡೆದ್ರೆ ಕಂತು ಯಾರು ಕಟ್ಟುದು? ಬಿಸಿಲು ಸಿಗುದು ಏಳೆಂಟು ಗಂಟೆ. ಅಷ್ಟರಲ್ಲೇ ಇಡೀ ದಿನದ ನೀರು ಬೇಕಾದ್ರೆ ಮೂರು ಪಟ್ಟು ದೊಡ್ಡ ಪ್ಲಾಂಟ್ ಕಟ್ಟಬೇಕು. ಮತ್ತೆ ಅರವತ್ತು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಮೆಂಬ್ರೇನನ್ನು ದಿನಾ ನಿಲ್ಲಿಸಿ, ದಿನಾ ಶುರು ಮಾಡ್ತಾ ಇದ್ರೆ ಅದರ ಆಯಸ್ಸು ಎಷ್ಟು?"

ಹಾಗಾಗಿ ಪ್ಲಾಂಟು ಗ್ರಿಡ್ಡಿಗೆ ಅಂಟಿಕೊಂಡೇ ಇರುತ್ತದೆ. ಹಗಲು ಸೋಲಾರ್, ರಾತ್ರಿ ಗ್ಯಾಸೋ ಅಣುವೋ, ಯಾವುದು ಸಿಗುತ್ತದೋ ಅದು. ನನಗೆ ಸ್ವಲ್ಪ ಬೇಜಾರೇ ಆಯ್ತು. ಗೋಪುರ ಅಷ್ಟು ಚಂದ ಇತ್ತು.

ಹಸ್ಯಾನ್ ದಿನಕ್ಕೆ ಕೊಡಬೇಕಾದ ನೀರು ಸುಮಾರು 81.8 ಕೋಟಿ ಲೀಟರ್. ಬೆಂಗಳೂರಿನ ಕಾವೇರಿ ಐದನೇ ಹಂತದ್ದು 77.5 ಕೋಟಿ. ಇದನ್ನು ಹೇಳಿದ ಕೂಡಲೇ ಅವರು "ನಿಮ್ಮ ಕಾವೇರಿಯೂ ಸುಮ್ನೆ ಹರಿದು ಬರುದಿಲ್ಲ" ಅಂದರು. ನಿಜ. ಸಾವಿರ ಲೀಟರನ್ನು ಬೆಂಗಳೂರಿನ ಎತ್ತರಕ್ಕೆ, ಸುಮಾರು 500 ಮೀಟರ್ ಮೇಲೆತ್ತಲು ಏನೂ ಪೋಲಾಗದಿದ್ದರೂ 1.36 ಯೂನಿಟ್ ಬೇಕು, ಪಂಪು ಪೈಪುಗಳ ನಷ್ಟ ಬೇರೆ. ಉಪ್ಪು ತೆಗೆಯುವುದಕ್ಕೂ ಇದಕ್ಕೂ ನಾನಂದುಕೊಂಡಷ್ಟು ದೂರ ಇಲ್ಲ.

ಐದನೇ ದಿನ ಅಬುಧಾಬಿ. ಮಸೀದಿ ಚೆನ್ನಾಗಿದೆ, ಬೆಳಿಗ್ಗೆಯೇ ಹೋಗಿ.

ವಾಪಸ್ ಬರುವಾಗ ಕತ್ತಲಾಗಿತ್ತು. ಜೆಬೆಲ್ ಅಲಿಯ ಚಿಮಣಿಗಳನ್ನು ಭಾವ ತೋರಿಸಿದರು. ಅಲ್ಲಿ ಹಳೇ ಪದ್ಧತಿ, ಕರೆಂಟ್ ಮಾಡಿ ಉಳಿದ ಶಾಖದಲ್ಲಿ ಸಮುದ್ರದ ನೀರು ಕುದಿಸುವುದು. ಬೇಸಿಗೆಯಲ್ಲಿ ಎಸಿ ಓಡುವಾಗ ಅದು ಲಾಭವೇ. ಚಳಿಗಾಲದಲ್ಲಿ ಕರೆಂಟಿನ ಬೇಡಿಕೆ ಬಿದ್ದುಹೋಗುತ್ತದೆ, ಜನ ನೀರು ಕುಡಿಯುವುದು, ಸ್ನಾನ ಮಾಡುವುದು ಮಾತ್ರ ನಿಲ್ಲುವುದಿಲ್ಲವಲ್ಲ, ಹಾಗಾಗಿ ನೀರಿಗೋಸ್ಕರವೇ ಗ್ಯಾಸ್ ಉರಿಸಬೇಕಾಗುತ್ತದೆ. ಆರ್‌ಓ ಬಂದರೆ ಆ ಗಂಟು ಬಿಚ್ಚುತ್ತದೆ.

ಕಾರಿನ ಕಿಟಕಿ ಇಳಿಸಿದ್ದೆವು. ಎಸಿ ಬೇಕಾಗಿರಲಿಲ್ಲ.