ಕೋವಿಗೆ ಅನುಮತಿ ಸಿಕ್ಕಿದ ಮೇಲೂ

ಸಾಗರದ ಕಡೆಯ ನನ್ನ ಬಂಧುಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ನಿಮ್ಮ ಕೇರಳದಲ್ಲಿ ಕಾಡುಹಂದಿಯನ್ನು ಹೊಡೆಯಲು ಪಂಚಾಯತೇ ಅನುಮತಿ ಕೊಡುತ್ತದಂತೆ, ಮತ್ತೇಕೆ ತೋಟ ಹಾಳಾಯಿತೆಂದು ಗೋಳಾಡುತ್ತೀರಿ?" ಮದುವೆಯಾಗಿ ಕಾಸರಗೋಡಿನ ಗುಡ್ಡಗಾಡಿನ ಊರೊಂದಕ್ಕೆ ಬಂದು ನೆಲೆಸಿದ ನನಗೆ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಲು ಆಗುವುದಿಲ್ಲ.

ಅನುಮತಿ ಇರುವುದು ನಿಜ. ಬೆಳೆಗೋ ಜೀವಕ್ಕೋ ಅಪಾಯ ತರುವ ಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು 2022ರ ಮೇ ತಿಂಗಳಲ್ಲಿ ಕೇರಳದ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಇದಕ್ಕೆ ಆಧಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಸೆಕ್ಷನ್. 62ನೆಯ ಸೆಕ್ಷನ್ನಿನಡಿ ಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದೇ, ಅಂದರೆ ಪ್ರತ್ಯೇಕ ಅನುಮತಿಯಿಲ್ಲದೆ ಕೊಲ್ಲಬಹುದಾದ ಪ್ರಾಣಿಯೆಂದೇ, ಘೋಷಿಸಬೇಕೆಂಬ ರಾಜ್ಯದ ಬೇಡಿಕೆಯನ್ನು ಕೇಂದ್ರವು ಒಪ್ಪದ ಕಾರಣ, ಮೊದಲು ದೂರು, ಆಮೇಲೆ ಆದೇಶ, ಅದಾದ ಮೇಲೆ ಪರವಾನಗಿಯುಳ್ಳ ಕೋವಿಗಾರನ ಹುಡುಕಾಟ ಎಂಬ ಕ್ರಮ ತಪ್ಪುವುದಿಲ್ಲ. ವಿಷ, ಸ್ಫೋಟಕ, ವಿದ್ಯುತ್ ತಂತಿ ಮೂರೂ ನಿಷಿದ್ಧ, ಮಾಂಸವನ್ನು ಬಳಸುವಂತಿಲ್ಲ. ಕೋವಿ ಹಿಡಿಯುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನೀತಿ ಸಂಹಿತೆ ಹಂದಿಗಳಿಗೆ ಅನ್ವಯಿಸುವುದಿಲ್ಲ.

ಬೇಟೆ ಬೇಕೋ ಬೇಡವೋ ಎಂಬ ವಾದ ಹಳೆಯದು. 2016ರಲ್ಲಿ ಬಿಹಾರದಲ್ಲಿ ಬೆಳೆ ತಿನ್ನುವ ನೀಲಗಾಯಿ ಎಂಬ ದೊಡ್ಡ ಹುಲ್ಲೆಗಳನ್ನು ಕೊಂದಾಗ ಕೇಂದ್ರದ ಇಬ್ಬರು ಸಚಿವರಾದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಬಹಿರಂಗವಾಗಿಯೇ ಭಿನ್ನಾಭಿಪ್ರಾಯ ತೋರಿದ್ದರು. ನನಗೆ ಕೊಲ್ಲುವುದರ ಬಗ್ಗೆ ತಾತ್ವಿಕ ವಿರೋಧವಿಲ್ಲ. ಒಂದೇ ರಾತ್ರಿಯಲ್ಲಿ ಬುಡಮೇಲಾದ ಮರಗೆಣಸಿನ ಸಾಲು, ಸುವರ್ಣಗೆಡ್ಡೆ, ಎಳೆ ಬಾಳೆಗಳನ್ನು ಕಂಡವರಿಗೆ ಅಂಥ ವಿರೋಧ ಉಳಿಯುವುದೂ ಕಷ್ಟ. ನನ್ನ ತಕರಾರು ಇರುವುದು, ಒಂದು ತೋಟಕ್ಕೆ ಸಿಗುವ ತಾತ್ಕಾಲಿಕ ಪರಿಹಾರವನ್ನು ಸಂಖ್ಯಾ ನಿಯಂತ್ರಣವೆಂದು ಕರೆಯುವುದರ ಬಗ್ಗೆ. ಹೆಣ್ಣು ಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ, ಆ ಮರಿಗಳು ಸುಮಾರು ಒಂದು ವರ್ಷದಲ್ಲೇ ಸಂತಾನಕ್ಕೆ ಸಿದ್ಧವಾಗುತ್ತವೆ. ಬೇಟೆಯ ವ್ಯವಸ್ಥೆ ಅಚ್ಚುಕಟ್ಟಾಗಿರುವ ಜರ್ಮನಿಯಲ್ಲಿ 2017-18ರಲ್ಲಿ 8 ಲಕ್ಷಕ್ಕೂ ಮಿಕ್ಕಿ ಕಾಡುಹಂದಿಗಳನ್ನು ಹೊಡೆದರು; ಅನಂತರವೂ ವರ್ಷವರ್ಷ ಲಕ್ಷಗಟ್ಟಲೆ ಹೊಡೆಯುತ್ತಲೇ ಇದ್ದಾರೆ. ಹೀಗಿರುವಾಗ ನಮ್ಮ ಗ್ರಾಮದಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದ ಹಂದಿಯಿಂದ ಸಂತತಿ ಕುಗ್ಗೀತೆಂದು ನಂಬುವುದು ಹೇಗೆ?

ಅದಕ್ಕಿಂತ ಮುಖ್ಯವಾದ ಸಂಗತಿಯನ್ನು ಯಾರೂ ಆಡುವುದಿಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮನೆಗಳ ಗೇರು ಮತ್ತು ರಬ್ಬರ್ ತೋಟಗಳಲ್ಲಿ ಪೊದೆ ಬೆಳೆದು, ಹಗಲಿಡೀ ಹಂದಿಗಳಿಗೆ ಅದೇ ಆಶ್ರಯವಾಗಿದೆ. ಆ ಪೊದೆಯನ್ನು ಸವರಿಸಲು ಜಾಗದ ಒಡೆಯರನ್ನು ಒತ್ತಾಯಿಸುವುದು, ಯಾವ ತೋಟದಲ್ಲಿ ಎಷ್ಟು ಹಂದಿ ಬಿತ್ತು, ಮರುವರ್ಷ ಅಲ್ಲಿ ನಷ್ಟ ಇಳಿಯಿತೇ ಎಂದು ಬರೆದಿಡುವುದು, ಇವೆರಡೂ ಆಗಬೇಕೆಂದು ಗ್ರಾಮಸಭೆಯಲ್ಲಿ ನಾನು ಕೇಳಿದ್ದೇನೆ. ಮಾವನವರು ಇದನ್ನು ಒಪ್ಪುತ್ತಾರೆ. ಆದರೆ ಈ ಸಲದ ಮರಗೆಣಸು ಕೀಳುವುದಕ್ಕೆ ಮೊದಲೇ ಹಂದಿ ಹೊಡೆಯುವ ಆದೇಶ ಕೊಡಬೇಕೆಂಬ ಅರ್ಜಿಗೆ ಅವರ ರುಜುವೂ ಇದೆ, ನನ್ನದೂ ಇದೆ.