ಜೇನಿನ ವಿಡಿಯೊ ಮತ್ತು ಐನ್‌ಸ್ಟೈನ್ ಹೇಳದ ಮಾತು

ಸ್ಕ್ರಿಪ್ಟಿನ ಮೊದಲ ಸಾಲನ್ನೇ ಐನ್‌ಸ್ಟೈನ್ ಬಾಯಲ್ಲಿ ಹೇಳಿಸಿದ್ದರು. "ಭೂಮಿಯ ಮೇಲಿಂದ ಜೇನು ಮಾಯವಾದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ." ಅಕ್ಕನ ಮಗಳು ಅದನ್ನು ಓದಿದ ಧಾಟಿಗೆ ಮೈ ಜುಮ್ಮೆನ್ನಬೇಕು, ಹಾಗಿತ್ತು. ಒಂಬತ್ತನೇ ತರಗತಿಯ ಮೂವರು ಸೇರಿ ಜೇನುನೊಣದ ಬಗ್ಗೆ ಐದು ನಿಮಿಷದ ವಿಡಿಯೊ ಮಾಡಬೇಕಿತ್ತು. ಜೊತೆಗೆ ಬಳಸಿದ ಆಕರಗಳ ಪಟ್ಟಿ ಕೊಟ್ಟು, ಪ್ರತಿಯೊಂದನ್ನೂ ಯಾಕೆ ನಂಬಿದಿರಿ ಎಂದು ಎರಡೆರಡು ಸಾಲು ಬರೆಯಬೇಕು. ಆ ಎರಡು ಸಾಲಿಗಾಗಿಯೇ ನನ್ನ ಹತ್ತಿರ ಬಂದಿದ್ದರು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯಗಳನ್ನು ಅನುಮಾನಿಸುವುದೇ ವರ್ಷಗಟ್ಟಲೆ ನನ್ನ ಹೊಟ್ಟೆಪಾಡಾಗಿತ್ತು. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ ಎಂದು ಮನೆಯವರ ದೂರು.

ಅವರ ಪಟ್ಟಿ ಅಚ್ಚುಕಟ್ಟಾಗಿತ್ತು. ಎಕ್ಸೆಲ್ ಶೀಟಿನಲ್ಲಿ ಲಿಂಕು, ಬರೆದವರು, ದಿನಾಂಕ, ಉದ್ದೇಶ, ಕೊನೆಗೊಂದು ಹಸಿರು ಟಿಕ್. ಶಾಲೆಯಲ್ಲಿ ಕೊಟ್ಟ ಹಾಳೆಯ ಐದು ಪ್ರಶ್ನೆಗಳಿಗೆ ಉತ್ತರಿಸಿ ಹಾಕಿದ ಟಿಕ್ಕು ಅದು. ಎಷ್ಟು ಹೊಸದು, ನಮ್ಮ ವಿಷಯಕ್ಕೆ ಸಂಬಂಧವಿದೆಯೇ, ಬರೆದವರು ಬಲ್ಲವರೇ, ನಿಖರವಾಗಿದೆಯೇ, ಯಾಕಾಗಿ ಬರೆದಿದ್ದಾರೆ. ಅಮೆರಿಕದ ಚಿಕೊ ಊರಿನ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಸಾರಾ ಬ್ಲೇಕ್ಸ್ಲೀ 2004ರಲ್ಲಿ ರೂಪಿಸಿದ ಪಟ್ಟಿಯ ಸಂತಾನ ಇದು. ಪ್ರಶ್ನೆಗಳಲ್ಲಿ ದೋಷವಿಲ್ಲ. ಆದರೆ ಮಕ್ಕಳು ಅವನ್ನೆಲ್ಲ ಕೇಳುವುದು ಆ ಪುಟವನ್ನೇ! ಪುಟವೂ ಬಹಳ ವಿನಯದಿಂದ ಉತ್ತರ ಕೊಡುತ್ತದೆ: 'ನಮ್ಮ ಬಗ್ಗೆ' ಎಂಬಲ್ಲಿ ದೊಡ್ಡ ದೊಡ್ಡ ಮಾತು, ಅಡಿಯಲ್ಲಿ ನಿನ್ನೆಯ ದಿನಾಂಕ, ವಿಳಾಸದ ತುದಿಗೆ ಡಾಟ್ ಆರ್ಗ್. ಡಾಟ್ ಆರ್ಗ್ ಇದ್ದರೆ ಅದು ಸೇವಾಸಂಸ್ಥೆಯೇ ಇರಬೇಕೆಂದು ಮೂವರೂ ನಂಬಿದ್ದರು. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ ಎಂದೆ. ಎಡಿಟಿಂಗ್ ಹುಡುಗ ತಕ್ಷಣ ತನ್ನ ಹೆಸರಿನದು ಖಾಲಿ ಇದೆಯಾ ಎಂದು ಹುಡುಕಲು ಕೂತ.

ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಎಂಬ ಇಬ್ಬರು ಸ್ಟ್ಯಾನ್‌ಫೋರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಇಷ್ಟ. ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದ 10 ಮಂದಿ, 25 ವಿದ್ಯಾರ್ಥಿಗಳು, ವೃತ್ತಿಯಿಂದಲೇ ಫ್ಯಾಕ್ಟ್ ಚೆಕ್ ಮಾಡುವ 10 ಮಂದಿ, ಎಲ್ಲರಿಗೂ ಅದೇ ವೆಬ್‌ಸೈಟುಗಳನ್ನು ಕೊಟ್ಟು ಹೇಗೆ ಅಳೆಯುತ್ತಾರೆಂದು ನೋಡಿದರು. ಮೊದಲ ಎರಡು ಗುಂಪಿನ ಬಹಳಷ್ಟು ಜನ ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಅದರ ಲೋಗೊ, ವಿನ್ಯಾಸ ನೋಡಿ ಮರುಳಾದರು. ಫ್ಯಾಕ್ಟ್ ಚೆಕ್ ಮಾಡುವವರು ಪುಟ ತೆರೆದ ಸ್ವಲ್ಪ ಹೊತ್ತಿಗೇ ಬಿಟ್ಟು ಹೊರಬಂದು, ಪಕ್ಕದ ಟ್ಯಾಬಿನಲ್ಲಿ 'ಇವರ ಬಗ್ಗೆ ಬೇರೆಯವರು ಏನೆನ್ನುತ್ತಾರೆ' ಎಂದು ಹುಡುಕಿದರು. ಕಡಿಮೆ ಓದಿ ಹೆಚ್ಚು ತಿಳಿದುಕೊಂಡರು. ಮಕ್ಕಳಿಗೆ ಇದರಲ್ಲಿ 'ಕಡಿಮೆ ಓದಿ' ಎಂಬುದಷ್ಟೇ ಹಿಡಿಸಿತು.

ಹಾಗೆ ಪಕ್ಕದ ಟ್ಯಾಬಿಗೆ ಮೊದಲು ಹೋದದ್ದು ಐನ್‌ಸ್ಟೈನ್ ಮಾತು. ಅವರು ತೀರಿಕೊಂಡದ್ದು 1955ರಲ್ಲಿ. ಅವರ ಬರಹದಲ್ಲಾಗಲಿ ಭಾಷಣದಲ್ಲಾಗಲಿ ಈ ಮಾತಿನ ಸುಳಿವಿಲ್ಲ. 1960ರ ದಶಕದ ಜೇನುಸಾಕಣೆ ಪತ್ರಿಕೆಗಳ ಹೊತ್ತಿಗೆ ಅದಕ್ಕೆ ಅವರ ಹೆಸರು ಅಂಟಿಕೊಂಡಿತ್ತು. 1994ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಜೇನುಸಾಕಣೆದಾರರ ಪ್ರತಿಭಟನೆಯ ಕರಪತ್ರದಲ್ಲಿ ಬಂದ ಮೇಲೆ ಜಗತ್ತಿಗೆಲ್ಲ ಹಬ್ಬಿತು.

"ಆದ್ರೆ ಆಂಟಿ, ಇಷ್ಟೊಂದು ಸೈಟಲ್ಲಿ ಇದೆಯಲ್ಲ?" ಎಂದ ಎಡಿಟಿಂಗ್ ಹುಡುಗ.

"ಒಂದಾದರೂ ಸೈಟು, ಎಲ್ಲಿ ಹೇಳಿದರು, ಯಾವಾಗ ಹೇಳಿದರು ಅಂತ ಬರೆದಿದೆಯಾ ನೋಡು."

ಇರಲಿಲ್ಲ. ಎಲ್ಲವೂ ಒಂದನ್ನೊಂದು ನಕಲು ಮಾಡಿದ್ದವು. ಹೋಗಲಿ, ಐನ್‌ಸ್ಟೈನ್ ನಿಜಕ್ಕೂ ಹೇಳಿದ್ದರೆಂದೇ ಇಟ್ಟುಕೊಳ್ಳೋಣ. ಪರಾಗಸ್ಪರ್ಶದ ವಿಷಯದಲ್ಲಿ ಭೌತವಿಜ್ಞಾನಿಯ ಮಾತಿಗೆ ಎಷ್ಟು ತೂಕ? ಭತ್ತ, ಗೋಧಿ, ಜೋಳಗಳಿಗೆ ಜೇನಿನ ಹಂಗಿಲ್ಲ, ಗಾಳಿಯಿಂದಲೋ ತಮ್ಮದೇ ಪರಾಗದಿಂದಲೋ ಕಾಳು ಕಟ್ಟುತ್ತವೆ. ಇದನ್ನು ಹೇಳಿದ ಮೇಲೆ ಮಕ್ಕಳ ಮುಖ ಇಳಿಯಿತು. ವಿಡಿಯೊ ಶುರುವಾಗಬೇಕಾದ ಸಾಲೇ ಹೋಯಿತಲ್ಲ!

ಇಷ್ಟು ಸುಲಭಕ್ಕೆ ಬೀಳದೆ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಎರಡನೇ ಸಾಲು. "ನಾವು ತಿನ್ನುವ ಪ್ರತಿ ಮೂರು ತುತ್ತಿನಲ್ಲಿ ಒಂದು ತುತ್ತು ಜೇನಿನ ಕೊಡುಗೆ." ಇದು ಐನ್‌ಸ್ಟೈನ್ ಮಾತಿನ ಹಾಗೆ ಹುಟ್ಟಿದ ಊರೇ ಇಲ್ಲದ ಮಾತಲ್ಲ. ಸರ್ಕಾರಿ ಪುಟಗಳಲ್ಲೂ ದೊಡ್ಡ ಸಂಸ್ಥೆಗಳ ಭಿತ್ತಿಪತ್ರಗಳಲ್ಲೂ ಇಂಥ ಮಾತು ಸಿಗುತ್ತದೆ, ಹಸಿರು ಟಿಕ್ಕಿಗೆ ಎಲ್ಲ ರೀತಿಯಲ್ಲೂ ಅರ್ಹ. ಒಂದರಿಂದ ಇನ್ನೊಂದಕ್ಕೆ ಲಿಂಕು ಹಿಡಿದು ಹೋದೆವು. ಬ್ಲಾಗಿನಿಂದ ಸುದ್ದಿಗೆ, ಸುದ್ದಿಯಿಂದ ವರದಿಗೆ, ಅಲ್ಲಿಂದ ಅಲೆಕ್ಸಾಂಡ್ರಾ ಮರಿಯಾ ಕ್ಲೈನ್ ಮತ್ತು ಸಂಗಡಿಗರ 2007ರ ಪ್ರಬಂಧಕ್ಕೆ. ಪ್ರಬಂಧದ ಸಾರಾಂಶ ಒಂದು ಪುಟಕ್ಕಿಂತ ಕಡಿಮೆ. ಇಂಗ್ಲಿಷ್ ಸ್ವಲ್ಪ ಒರಟಾದರೂ ಒಂಬತ್ತನೇ ತರಗತಿಯವರಿಗೆ ಎಟಕುವಂಥದ್ದು. ಪ್ರಪಂಚದ ಮುಖ್ಯ ಆಹಾರ ಬೆಳೆಗಳಲ್ಲಿ 87ಕ್ಕೆ ಪ್ರಾಣಿಗಳ ಪರಾಗಸ್ಪರ್ಶ ಬೇಕು, 28ಕ್ಕೆ ಬೇಡ ಎನ್ನುತ್ತದೆ ಅದು. ಆದರೆ ತೂಕದ ಲೆಕ್ಕಕ್ಕೆ ಬಂದರೆ ಒಟ್ಟು ಉತ್ಪಾದನೆಯ ಶೇ 60 ಆ ಬೇಡದ ಬೆಳೆಗಳದ್ದು, ಶೇ 35 ಬೇಕಾದ ಬೆಳೆಗಳದ್ದು, ಉಳಿದ ಶೇ 5ರ ಬಗ್ಗೆ ಅಂದಾಜು ಮಾಡಿಲ್ಲ. 'ಮೂರರಲ್ಲಿ ಒಂದು' ಅನ್ನುವುದಕ್ಕೆ ಹತ್ತಿರದ ಅಂಕಿ ಹೀಗೆ ಆ ಶೇ 35ರಲ್ಲಿ ಸಿಕ್ಕಿತು.

"ಹಾಗಾದ್ರೆ ಸರಿಯಾಗೇ ಇದೆ ಚಿಕ್ಕಮ್ಮ," ಎಂದಳು ಅಕ್ಕನ ಮಗಳು. ನಿರೂಪಣೆ ಅವಳದು, ಸಾಲನ್ನು ಉಳಿಸಿಕೊಳ್ಳುವ ಆಸೆ.

ಪ್ರಬಂಧದ ವಾಕ್ಯವನ್ನು ಮತ್ತೊಮ್ಮೆ ಓದಲು ಹೇಳಿದೆ. ಶೇ 35 ಬರುವುದು ಪರಾಗಸ್ಪರ್ಶದಿಂದ ಲಾಭ ಪಡೆಯುವ ಬೆಳೆಗಳಿಂದ. ಆ ಲಾಭ ಎಷ್ಟೆಷ್ಟು ಎಂಬುದು ಬೇರೆ ಮಾತು. ಕುಂಬಳ, ಕಲ್ಲಂಗಡಿಗೆ ಕೀಟ ಬರದಿದ್ದರೆ ಫಸಲೇ ಇಲ್ಲ ಎನ್ನಬೇಕು. ಟೊಮ್ಯಾಟೊದ ಅವಲಂಬನೆ ಅಲ್ಪ. ಎರಡನ್ನೂ ಒಂದೇ ಗೋಣಿಗೆ ತುಂಬಿ ತೂಗಿದರೆ ಶೇ 35. ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2016ರ ತನ್ನ ವರದಿಯಲ್ಲಿ, ಪ್ರಾಣಿಗಳ ಪರಾಗಸ್ಪರ್ಶಕ್ಕೆ ನೇರವಾಗಿ ಸಲ್ಲುವ ಪಾಲನ್ನು ಜಗತ್ತಿನ ಬೆಳೆ ಉತ್ಪಾದನೆಯ ಶೇ 5ರಿಂದ 8 ಎಂದು ಲೆಕ್ಕ ಹಾಕಿದೆ. ಅದರಲ್ಲೂ 'ಪ್ರಾಣಿಗಳ' ಎಂಬ ಪದ ಗಮನಿಸಬೇಕು. ಕೋಕೊ ಮರದ ಹೂವಿಗೆ ಬರುವುದು ಗುಂಗಾಡಿಯಷ್ಟು ಸಣ್ಣ ನೊಣಗಳು. ಚಾಕೊಲೇಟಿನ ಶ್ರೇಯಸ್ಸನ್ನೂ ಜೇನಿಗೆ ಕೊಟ್ಟಿದ್ದ ಇವರ ಸ್ಕ್ರಿಪ್ಟು ಅಲ್ಲೂ ಜಾರಿತ್ತು.

ಶೇ 5ರಿಂದ 8 ಎಂದ ಕೂಡಲೇ ಎಡಿಟಿಂಗ್ ಹುಡುಗ, "ಅಷ್ಟೇನಾ? ಹಾಗಾದ್ರೆ ಜೇನು ಹೋದ್ರೂ ಏನೂ ಆಗಲ್ಲ ಅಂತ ಮಾಡೋಣ," ಎಂದ. ಒಂದು ಅತಿರೇಕ ಬಿದ್ದರೆ ಎದುರಿನ ಅತಿರೇಕಕ್ಕೆ ಹಾರುವುದು ಹದಿನಾಲ್ಕರ ವಯಸ್ಸಿಗೆ ಸಹಜ, ದೊಡ್ಡವರೂ ಟಿವಿಯಲ್ಲಿ ಅದನ್ನೇ ಮಾಡುತ್ತಾರೆ. ಹಣ್ಣು, ತರಕಾರಿ, ಬಾದಾಮಿಯಂಥ ಬೀಜಗಳೇ ಹೆಚ್ಚು ಪೆಟ್ಟು ತಿನ್ನುವ ಬೆಳೆಗಳು. ಹೊಟ್ಟೆ ತುಂಬೀತು, ಪೌಷ್ಟಿಕತೆ ಸೊರಗೀತು. ನಿಜ ಸಂಗತಿ ಮಧ್ಯದಲ್ಲೆಲ್ಲೋ ಇದೆ, ಮತ್ತು ಅದನ್ನು ಹೇಳಲು ಹೆಚ್ಚು ಸೆಕೆಂಡು ಬೇಕು.

ವಿಡಿಯೊದ ತೊಡಕು ಇದೇ. ಪ್ರಬಂಧ ಬರೆಯುವವರು 'ಸ್ವಲ್ಪಮಟ್ಟಿಗಾದರೂ', 'ಅಂದಾಜಿನ ಪ್ರಕಾರ' ಎಂದು ಸೇರಿಸಬಹುದು, ಕೆಳಗೆ ಅಡಿಟಿಪ್ಪಣಿ ಹಾಕಬಹುದು. ನಿರೂಪಣೆಗೆ ಅಡಿಟಿಪ್ಪಣಿ ಇಲ್ಲ. ಹಿನ್ನೆಲೆ ಸಂಗೀತ ಏರುತ್ತಿರುವಾಗ ಮೊದಲು ಕತ್ತರಿ ಬೀಳುವುದೇ 'ಸ್ವಲ್ಪಮಟ್ಟಿಗೆ' ಎಂಬ ಪದಕ್ಕೆ. 'ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ಶೇ 75ಕ್ಕೂ ಹೆಚ್ಚು ಸ್ವಲ್ಪಮಟ್ಟಿಗಾದರೂ ಪರಾಗಸ್ಪರ್ಶಿಗಳನ್ನು ಅವಲಂಬಿಸಿವೆ' ಎಂಬ ವಾಕ್ಯವನ್ನು ಅಕ್ಕನ ಮಗಳು ಓದಿ ನೋಡಿದಳು. ನಾಲಿಗೆ ಹೊರಳಲಿಲ್ಲ. 'ಸ್ವಲ್ಪಮಟ್ಟಿಗಾದರೂ' ತೆಗೆದಳು, ಸರಾಗವಾಯಿತು, ಅರ್ಥ ಕೆಟ್ಟಿತು. 'ಬಗೆಗಳಲ್ಲಿ' ತೆಗೆದಳು, ಇನ್ನಷ್ಟು ಕೆಟ್ಟಿತು. ಕೊನೆಗೆ ಮೂರನೆಯವಳು, ಅಷ್ಟೊತ್ತೂ ಮಾತಾಡದೆ ಚಿತ್ರ ಬಿಡಿಸುತ್ತಿದ್ದವಳು, ಮಾತೇ ಬೇಡ, ಕುಂಬಳ ಮತ್ತು ಟೊಮ್ಯಾಟೊ ಪಕ್ಕಪಕ್ಕ ಬರೆದು ಕೀಟ ಇದ್ದಾಗ, ಇಲ್ಲದಾಗ ಎಷ್ಟು ಕಾಯಿ ಎಂದು ಅನಿಮೇಷನ್ ಮಾಡುತ್ತೇನೆ ಎಂದಳು. ಆ ದಿನದ ಅತ್ಯುತ್ತಮ ಸಲಹೆ ಅದು, ನನ್ನದಲ್ಲ.

ಚಿತ್ರದ ಮಾತು ಬಂದಾಗ ಇನ್ನೊಂದು ವಿಚಾರ ಹೇಳಬೇಕು. ಆಕರಗಳ ಪಟ್ಟಿಯಲ್ಲಿ ಬರೀ ಬರಹಗಳಿದ್ದವು. ಉಚಿತವಾಗಿ ಸಿಗುವ ಸ್ಟಾಕ್ ಕ್ಲಿಪ್ಪುಗಳು ಆಕರವೆಂದು ಅವರಿಗೆ ಹೊಳೆದೇ ಇರಲಿಲ್ಲ. ಹಳದಿ ಹೂವಿನ ಮೇಲೆ ಕೂತ ಅಂದವಾದ 'ಜೇನ'ನ್ನು ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆವು. ತಲೆ ತುಂಬ ಕಣ್ಣು, ಮೊಟಕು ಮೀಸೆ, ರೆಕ್ಕೆ ಒಂದೇ ಜೊತೆ. ಜೇನಿಗೆ ಎರಡು ಜೊತೆ ಇರುತ್ತವೆ. ಅದು ಜೇನಿನ ವೇಷ ತೊಟ್ಟ ಹೋವರ್‌ಫ್ಲೈ ನೊಣ. ಅಪ್‌ಲೋಡ್ ಮಾಡಿದವರು ಹಾಕಿದ ಶೀರ್ಷಿಕೆಯನ್ನು ನಂಬಿದ್ದರು ಅಷ್ಟೇ. ಐದು ಪ್ರಶ್ನೆಗಳ ಹಾಳೆಯಲ್ಲಿ ಇದಕ್ಕೆ ಖಾನೆಯಿಲ್ಲ.

'ಎಷ್ಟು ಹೊಸದು' ಎಂಬ ಖಾನೆಯ ಬಗ್ಗೆಯೂ ನನಗೆ ತಕರಾರಿದೆ. 2007ರ ಪ್ರಬಂಧ ಹಳತಾಯಿತೆಂದು ಬದಿಗೊತ್ತಿ, ಅದನ್ನೇ ತಿರುಚಿದ ಹೋದ ತಿಂಗಳ ಬ್ಲಾಗಿಗೆ ಹೆಚ್ಚು ಅಂಕ ಕೊಟ್ಟಿದ್ದರು. ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ಜೇನಿನ ಕುಣಿತದ ಗುಟ್ಟು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1920ರ ದಶಕದಲ್ಲಿ, ದುಂಡು ಕುಣಿತ ಮಕರಂದಕ್ಕೆ, ಅಲುಗಾಟದ ಕುಣಿತ ಪರಾಗಕ್ಕೆ ಎಂದುಕೊಂಡಿದ್ದರು. ಅದು ಹೂವಿನ ದೂರ, ದಿಕ್ಕುಗಳನ್ನು ಹೇಳುವ ಭಾಷೆ ಎಂದು 1940ರ ದಶಕದಲ್ಲಿ ತಮ್ಮನ್ನು ತಾವೇ ತಿದ್ದಿಕೊಂಡರು. 1973ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದೇ ಮನುಷ್ಯ, ಅದೇ ವಿಷಯ. ಅವರ ಯಾವ ಕಾಲದ ಮಾತು ಎಂದು ಕೇಳದೆ ವಿಧಿಯಿಲ್ಲ.

ಮಧ್ಯದಲ್ಲಿ ಚಾಟ್‌ಬಾಟ್ ಕೊಟ್ಟ ಎರಡು ಪ್ರಬಂಧಗಳ ಹೆಸರೂ ಪಟ್ಟಿಯಲ್ಲಿದ್ದವು. ಶೀರ್ಷಿಕೆ ಗಂಭೀರ, ಪತ್ರಿಕೆ ನಿಜವಾದದ್ದು, ಪ್ರಬಂಧ ಮಾತ್ರ ಎಲ್ಲೂ ಇಲ್ಲ. ತೆಗೆದುಹಾಕಿದೆವು.

ಕೊನೆಗೆ ಉಳಿದದ್ದು ಅವರ ಹೆಮ್ಮೆಯ ಸಂದರ್ಶನ. ಬಹುಕಾಲ ಜೇನು ಸಾಕಿದ ಹಿರಿಯರೊಬ್ಬರನ್ನು ಮಾತಾಡಿಸಿ ತಂದಿದ್ದರು. ಜೇನು ಕುಟುಂಬಗಳು ಹೇಗೆ ಒಂದೊಂದಾಗಿ ಖಾಲಿಯಾದವೆಂದು ಆತ ಹೇಳುವಾಗ ದನಿ ಕಟ್ಟುತ್ತದೆ. ಆಮೇಲೆ ನೇರ ಕ್ಯಾಮೆರಾ ನೋಡಿ, "ಇದೆಲ್ಲ ಮೊಬೈಲ್ ಟವರಿನಿಂದ," ಎನ್ನುತ್ತಾರೆ.

ಆ ಮಾತಿನ ಬೇರನ್ನೂ ಹುಡುಕಿದೆವು. 2006–07ರ ಚಳಿಗಾಲದಲ್ಲಿ ಅಮೆರಿಕದ ಕೆಲವು ಸಾಕಣೆದಾರರು ತಮ್ಮ ಜೇನುಪೆಟ್ಟಿಗೆಗಳಲ್ಲಿ ಶೇ 30ರಿಂದ 90ರಷ್ಟು ಬರಿದಾದವೆಂದು ಹೇಳಿದ್ದರು. ಅದರ ಬೆನ್ನಿಗೇ, 2007ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಮೊಬೈಲ್ ಫೋನುಗಳು ಜೇನನ್ನು ಅಳಿಸುತ್ತಿವೆಯೇ ಎಂದು ಕೇಳಿತು. ಅದಕ್ಕೆ ಆಧಾರ ಜರ್ಮನಿಯ ಲಾಂಡೌನ ಒಂದು ಪುಟ್ಟ ಪ್ರಯೋಗ. ಅಲ್ಲಿ ಜೇನುಪೆಟ್ಟಿಗೆಯೊಳಗೆ ಇಟ್ಟದ್ದು ಮನೆಯ ಕಾರ್ಡ್‌ಲೆಸ್ ಫೋನಿನ ತಳಭಾಗ. ಮೊಬೈಲೂ ಅಲ್ಲ, ಟವರೂ ಅಲ್ಲ. ನಮ್ಮ ಅಧ್ಯಯನಕ್ಕೂ ಆ ಸುದ್ದಿಗೂ ಸಂಬಂಧವಿಲ್ಲವೆಂದು ಸಂಶೋಧಕರೇ ಹೇಳಿದರು. ಸುದ್ದಿ ಆಗಲೇ ಊರೂರು ಸುತ್ತಿತ್ತು.

"ಹಾಗಾದ್ರೆ ತಾತನ್ನ ತೆಗೆದುಬಿಡ್ಬೇಕಾ?" ಅಕ್ಕನ ಮಗಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಬೇಡ ಎಂದೆ. ಅವರು ಪೆಟ್ಟಿಗೆಯ ಮುಚ್ಚಳ ತೆಗೆದು ಕಣ್ಣಾರೆ ಕಂಡವರು. ಎಷ್ಟು ಕುಟುಂಬ ಹೋಯಿತು, ಯಾವ ಕಾಲದಲ್ಲಿ ಹೋಯಿತು, ಹೋಗುವ ಮೊದಲು ನೊಣಗಳು ಹೇಗಿದ್ದವು, ಇವನ್ನು ಹೇಳಲು ಅವರಿಗಿಂತ ಒಳ್ಳೆಯ ಆಕರ ಯಾವ ವಿಶ್ವವಿದ್ಯಾಲಯದಲ್ಲೂ ಸಿಗದು. ಯಾಕೆ ಹೋಯಿತು ಎಂಬುದನ್ನು ಅವರು ಕಂಡಿಲ್ಲ, ಕೇಳಿದ್ದಾರೆ. ನಂಬಿಕೆಯನ್ನು ಮನುಷ್ಯನಿಗೆ ಇಡಿಯಾಗಿ ಕೊಡುವ ಬದಲು ವಾಕ್ಯಕ್ಕಿಷ್ಟು ಎಂದು ಕೊಡಬೇಕು. 'ಇದು ನಿಮಗೆ ಹೇಗೆ ಗೊತ್ತು' ಎಂದು ಆ ತಾತನನ್ನು ಕೇಳುವಷ್ಟೇ ಐಪಿಬಿಇಎಸ್ ವರದಿಯನ್ನೂ ಕೇಳಬೇಕು.

ಟವರಿನ ಮಾತನ್ನು ಕತ್ತರಿಸಿ, ಕಂಡದ್ದನ್ನಷ್ಟೇ ಇಡೋಣವೆಂದ ಎಡಿಟಿಂಗ್ ಹುಡುಗ. ಚಿತ್ರ ಬಿಡಿಸುವವಳು ಒಪ್ಪಲಿಲ್ಲ. ಅವರು ನಂಬಿದ್ದನ್ನೇ ತೆಗೆದರೆ ಅವರು ಹೇಳಿದ್ದು ಎಂದು ಹೇಗೆ ಹಾಕುವುದು? ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ವಾದವಾಡಿ ಎರಡೂ ಮಾತು ಇರಲಿ ಎಂದು ತೀರ್ಮಾನಿಸಿದರು: ಟವರಿನ ಮಾತಿನ ಹಿಂದೆಯೇ ನಿರೂಪಣೆ ಬಂದು ಕಾರ್ಡ್‌ಲೆಸ್ ಫೋನಿನ ಕತೆ ಹೇಳುತ್ತದೆ, ತಾತನನ್ನು ಎಲ್ಲೂ ಹಂಗಿಸದೆ. ವಿಡಿಯೊ ಸಿದ್ಧವಾದ ಮೇಲೆ ಮೊದಲು ಅವರಿಗೇ ತೋರಿಸುವುದೆಂದೂ ಆಯಿತು.

ಆಮೇಲೆ ಎಕ್ಸೆಲ್ ಶೀಟಿನಲ್ಲಿ ಹೊಸ ತಕರಾರು. ಒಂದು ಆಕರಕ್ಕೆ ಒಂದೇ ಖಾನೆ, ಟಿಕ್ ಹಾಕಬೇಕೋ ಬೇಡವೋ? ಎಡಿಟಿಂಗ್ ಹುಡುಗ ತಾತನ ಸಾಲನ್ನು ಎರಡಾಗಿ ಸೀಳಿ, ಒಂದಕ್ಕೆ ಹಸಿರು ಟಿಕ್ಕು, ಇನ್ನೊಂದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ನೋಡನೋಡುತ್ತ ಉಳಿದ ಆಕರಗಳ ಸಾಲುಗಳೂ ಸೀಳತೊಡಗಿದವು. ವಿಡಿಯೊ ನಿಗದಿಗಿಂತ ಉದ್ದವಾಯಿತು. ಯಾವುದನ್ನು ಬಿಡುವುದೆಂದು ಜಗಳವಾಗಿ, ಕೊನೆಗೆ ಶುರುವಿನ ಟೈಟಲ್ ಸಂಗೀತಕ್ಕೆ ಕತ್ತರಿ ಬಿತ್ತು. ಅದನ್ನು ತಾನೇ ಕೂತು ಕೀಬೋರ್ಡಿನಲ್ಲಿ ನುಡಿಸಿದ್ದ ಎಡಿಟಿಂಗ್ ಹುಡುಗ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ.